ಕಣಜ ಸಾಕಿದ ಹುಳು

ಹೇಳಬೇಕಾದ ಮಾತನ್ನು ಮುಂದೂಡುವುದರಲ್ಲಿ ನನ್ನ ಹೆಂಡತಿ ಶಿವಲಿಂಗಮ್ಮ ಸರ್ಕಾರವನ್ನೂ ಮೀರಿಸಿದವಳು. ರತ್ನ ನಾವು ಹೆತ್ತ ಮಗಳಲ್ಲ ಎಂಬುದನ್ನು, ಅವಳು ಸ್ಕೂಲಿಗೆ ಸೇರಲಿ, ಮೈನೆರೆಯಲಿ, ಪಿಯುಸಿ ಮುಗಿಯಲಿ ಎಂದು ತಳ್ಳುತ್ತಲೇ ಬಂದಳು. ನಾನು ಕನಕಪುರದಲ್ಲಿ ಮೇಷ್ಟರಾಗಿದ್ದಾಗ ಪಕ್ಕದ ಮನೆಯವಳು ಹೆರಿಗೆಯಲ್ಲಿ ತೀರಿಕೊಂಡಳು. ಅವಳ ಗಂಡ ಕೂಸನ್ನು ತಂದು ಇವಳ ಮಡಿಲಿಗೆ ಹಾಕಿದ. ವರ್ಗವಾಗಿ ನಮ್ಮೂರು ಕಲ್ಯಕ್ಕೆ ಬಂದಾಗ ಊರವರು ಮಗು ನಮ್ಮದೇ ಎಂದುಕೊಂಡರು. ಕಂಡವರ ಮಕ್ಕಳ ತಪ್ಪನ್ನೆಲ್ಲ ತಿದ್ದುವ ಮೇಷ್ಟ್ರು ಅದೊಂದನ್ನು ಮಾತ್ರ ತಿದ್ದಲು ಹೋಗಲಿಲ್ಲ.

ರಾಮನಗರದ ಕಾಲೇಜಿನಲ್ಲಿ ಬಿಎಸ್ಸಿ ಓದುತ್ತಿದ್ದ ರತ್ನ ದಸರಾ ರಜೆಗೆ ಬರುವಾಗ ರಕ್ತದ ಗುಂಪು ನೋಡುವ ಔಷಧಿಯ ಬಾಟಲಿಗಳನ್ನು ತಂದಳು. ಅಪ್ಪ ಅಮ್ಮನಿಂದ ಮಕ್ಕಳಿಗೆ ಏನೇನು ಬರುತ್ತದೆಂದು ಮನೆಯವರ ರಕ್ತ ನೋಡಿ ಬರೆಯಬೇಕಂತೆ.

“ನಂದು ಬಿ. ನಿಮ್ಮಿಬ್ಬರಲ್ಲಿ ಒಬ್ಬರತ್ರನಾದ್ರೂ ಬಿ ಇರ್ಲೇಬೇಕು” ಎಂದಳು.

ಮಕ್ಕಳಿಗಾಗಿ ಆಸ್ಪತ್ರೆ ಸುತ್ತಿದ ಕಾಲದಲ್ಲೇ ನಮ್ಮಿಬ್ಬರದೂ ಓ ಎಂದು ಹೇಳಿದ್ದರು. ಶಿವಲಿಂಗಮ್ಮ ನನ್ನನ್ನು ಹಿತ್ತಲಿಗೆ ಕರೆದಳು.

“ಇವತ್ತು ಹೇಳ್ಬುಡ್ತೀನಿ ಕಣ್ರೀ. ರಕ್ತ ಹೇಳೋಕ್ ಮುಂಚೆ ನಾನೇ ಹೇಳ್ಬೇಕು.”

ನಡುಮನೆಯ ಬಾಗಿಲ ಮೂಲೆಯಲ್ಲಿ ಕಣಜವೊಂದು ಮಣ್ಣಿನ ಗೂಡು ಕಟ್ಟಿತ್ತು. ಕಣಜ ಎಲ್ಲಿಂದಲೋ ಹುಳು ಹಿಡಿದು ತಂದು, ಗೂಡಿನಲ್ಲಿಟ್ಟು, ಸುತ್ತ ಗುಂಯ್‌ಗುಟ್ಟಿ ಗುಂಯ್‌ಗುಟ್ಟಿ ಅದನ್ನೂ ತನ್ನಂತೆ ಕಣಜ ಮಾಡಿಕೊಳ್ಳುತ್ತದೆ ಎಂದು ನಮ್ಮ ಕಡೆ ಹರಿಕಥೆಯವರೂ ಹೇಳುತ್ತಾರೆ, ಅಜ್ಜಿಯರೂ ಹೇಳುತ್ತಾರೆ. ಗುರು ಶಿಷ್ಯರಿಗೆ ಅನ್ವಯಿಸುವ ಆ ಮಾತನ್ನು ಇವಳು ತನಗೆಂದೇ ಎತ್ತಿಟ್ಟುಕೊಂಡಿದ್ದಳು. ಅಂಥ ಗೂಡುಗಳಿಗೆ ಪೊರಕೆ ತಾಗಿಸಲು ಯಾರನ್ನೂ ಬಿಟ್ಟವಳಲ್ಲ.

“ರತ್ನ, ಆ ಗೂಡು ನೋಡವ್ವ. ಎಲ್ಲೋ ಹುಟ್ಟಿದ ಹುಳ ತಂದು ಕಣಜ ತನ್ನ ಮಗು ಮಾಡ್ಕತ್ತದೆ. ಹಂಗೇ ನಾನೂ...”

ರತ್ನ ನಕ್ಕಳು. “ಯಾರವ್ವ ನಿಂಗೆ ಹೇಳಿದ್ದು?” ಎಂದವಳೇ ಎದ್ದು, ಚಮಚದ ಹಿಡಿಯಿಂದ ಗೂಡನ್ನು ಕಿತ್ತು ತಾಯಿಯ ಅಂಗೈಗೆ ಸುರಿದಳು. ಹಸಿರು ಹುಳುಗಳು ಜೀವವಿದ್ದೂ ಅಲ್ಲಾಡದೆ ಬಿದ್ದಿದ್ದವು. ಬಿಳಿಯ ಮರಿಯೊಂದು ಅವುಗಳಲ್ಲೊಂದರ ಹೊಟ್ಟೆಗೆ ಬಾಯಿ ಹಾಕಿತ್ತು.

“ಈ ಬಿಳೀದು ಕಣಜದ ಸ್ವಂತ ಮರಿ. ಮಿಕ್ಕಿದ್ದೆಲ್ಲ ಅದರ ಊಟ. ಕೊಳೀಬಾರ್ದು ಅಂತ ಕುಟುಕಿ ಮರಗಟ್ಟಿಸಿ ಇಟ್ಟೈತೆ. ಕಂಡೋರ ಮರಿ ಸಾಕ್ತಾ ಕೂತ್ರೆ ಅದರ ವಂಶ ಉಳಿಯಕಿಲ್ಲ ಕಣವ್ವ. ವಂಶವೇ ಉಳೀದಿದ್ರೆ ಆ ಸಾಕೋ ಬುದ್ಧಿ ಮುಂದಿನ ತಲೆಮಾರಿಗೆ ಹೋಗೋದಾದ್ರೂ ಹೆಂಗೆ? ಅದಕ್ಕೇ ತಾಯಿ ತನ್ನ ರಕ್ತದ ಮರಿಗೇ ದುಡಿಯೋದು.”

ಹುಡುಗಿ ಹೇಳಿದ್ದು ಬರೀ ಹುಳುವಿನ ವಿಚಾರ. ಅದನ್ನು ಹುಳುವಿಗೇ ಬಿಟ್ಟು ಮಾತು ಮುಂದುವರಿಸಬಹುದಿತ್ತು. ಶಿವಲಿಂಗಮ್ಮ “ಓ, ಹಂಗಾ” ಎಂದು ಅಂಗೈಯಲ್ಲಿದ್ದುದನ್ನು ಹಿತ್ತಲಿಗೆ ಚೆಲ್ಲಿ ಬಂದಳು. ರಕ್ತಕ್ಕೆ ರತ್ನ ಸೂಜಿ ಹಿಡಿದು ಬಂದಾಗ ಬೇಡವೆನ್ನು ಎಂದು ನಾನು ಕಣ್ಸನ್ನೆ ಮಾಡಿದೆ. ಇವಳು ನನ್ನ ಕಡೆ ನೋಡದೆ ಬೆರಳು ಚಾಚಿದಳು.

ಗಾಜಿನ ಮೇಲೆ ಇವಳ ಹನಿ, ನನ್ನ ಹನಿ. ಬಿ ಇದ್ದರೆ ಔಷಧಿಗೆ ರಕ್ತ ಗರಣೆ ಕಟ್ಟಬೇಕಂತೆ. ಎರಡಕ್ಕೂ ಔಷಧಿ ಹಾಕಿ ಕಲಸಿದರೂ ಕಟ್ಟಲಿಲ್ಲ. ರತ್ನ ಇನ್ನೊಮ್ಮೆ ಮಾಡಿದಳು. ಆಮೇಲೆ ತನ್ನ ಬೆರಳು ಚುಚ್ಚಿಕೊಂಡು ಅದೇ ಔಷಧಿ ಬಿಟ್ಟಳು. ಅವಳ ಹನಿ ಮಾತ್ರ ನೋಡನೋಡುತ್ತ ಗರಣೆ ಕಟ್ಟಿತು.

ಅವಳು ತಲೆ ಎತ್ತಲಿಲ್ಲ.

“ಔಷಧಿ ಕೆಟ್ಟೋಗೈತೆ ಕಣವ್ವ” ಎಂದು ಮೆಲ್ಲಗೆ ಹೇಳಿ, ಗಾಜುಗಳನ್ನು ತೊಳೆಯಲು ಬಚ್ಚಲಿಗೆ ಹೋದಳು.

“ಹೋಗಿ ಹೇಳೇ” ಎಂದೆ.

“ಈಗ ಹೇಳಿದ್ರೆ ಸಿಕ್ಕಾಕೊಂಡು ಹೇಳ್ದಂಗೆ ಆಯ್ತದೆ” ಎಂದಳು ಶಿವಲಿಂಗಮ್ಮ.

ಮಗಳು ಯಾವತ್ತೂ ಕೇಳಲಿಲ್ಲ, ಇವಳು ಹೇಳಲಿಲ್ಲ. ಅಂದಿನಿಂದ ರತ್ನ ಮೊದಲಿಗಿಂತ ಹೆಚ್ಚಾಗಿ ಅವ್ವ, ಅವ್ವ ಎಂದು ಕರೆಯತೊಡಗಿದಳು. ಕರೆದಾಗಲೆಲ್ಲ ಇವಳ ಮುಖ ಸಣ್ಣದಾಗುತ್ತಿತ್ತು.