ಕಾರ್ಡಿನಲ್ಲಿದ್ದ ಅಣ್ಣ

ಮೈದುನ ತೀರಿಕೊಂಡ ಸುದ್ದಿ ಬಂದಾಗ ಆಕೆ ಗಂಡನ ಅಂಗಿಯ ಗುಂಡಿ ಹಾಕುತ್ತಿದ್ದಳು. ಫೋನ್ ಮಾಡಿದ್ದು ಓರಗಿತ್ತಿ.

"ಅಕ್ಕಾ, ಇವರು ಹೋಗ್ಬಿಟ್ರು. ಭಾವ ಬಂದು ಮುಖ ನೋಡೋವರೆಗೂ ಕಾಯ್ತೀವಿ," ಅಂದಳು.

ಆಕೆ ಫೋನ್ ಇಟ್ಟು ಮಿಕ್ಕ ಗುಂಡಿಗಳನ್ನೂ ಹಾಕಿದಳು. ಗಂಡನಿಗೆ ಏನೂ ಹೇಳಲಿಲ್ಲ.

ಅವನ ನೆನಪು ಕೈಕೊಡುತ್ತಾ ಬಂದು ಎರಡು ವರ್ಷವಾಗಿತ್ತು. ಕೆಲವು ದಿನ ಹೆಂಡತಿಯ ಗುರುತೇ ಸಿಗುತ್ತಿರಲಿಲ್ಲ. ಇನ್ನು ಕೆಲವು ದಿನ ತಾನೇ ತನ್ನ ತಮ್ಮ ಅಂದುಕೊಂಡು ಓಡಾಡುತ್ತಿದ್ದ. ಅಣ್ಣ ತಮ್ಮ ಇಬ್ಬರೂ ಬಡಗಿಗಳು. ಒಂದೇ ಅಂಗಡಿಯಲ್ಲಿ ಕಿಟಕಿ, ಬಾಗಿಲು ಮಾಡುತ್ತಾ ದೊಡ್ಡವರಾದವರು. ಮುಖವೂ ಅಚ್ಚು ಹೊಡೆದಂತೆ ಒಂದೇ. ಅಣ್ಣ ಮಾಡಿದ ಮೇಜು ಅಲ್ಲಾಡಿದರೆ ಗಿರಾಕಿಗಳು ತಮ್ಮನನ್ನು ಬೈದು ಹೋಗುತ್ತಿದ್ದರು; ತಮ್ಮ ತಲೆ ತಗ್ಗಿಸಿ ಬೈಸಿಕೊಂಡು, ಸಾಯಂಕಾಲ ಅಣ್ಣನ ಮುಂದೆ ಅದನ್ನೇ ಆಡಿ ತೋರಿಸಿ ನಗಿಸುತ್ತಿದ್ದ. ಮದುವೆಯಾದ ಮೇಲೆ ತಮ್ಮ ದೂರದ ಊರು ಸೇರಿದ್ದ.

ಮಗಳು ತಾನಿರುವಲ್ಲಿಂದಲೇ ವಿಮಾನದ ಟಿಕೆಟ್ ತೆಗೆದು ಫೋನಿಗೆ ಕಳಿಸಿದಳು. "ಅಮ್ಮಾ, ಇಬ್ಬರದೂ ಫೋಟೋ ಇರೋ ಗುರುತಿನ ಕಾರ್ಡ್ ಮರೀಬೇಡ. ಅದಿಲ್ಲದೆ ಒಳಗೆ ಬಿಡಲ್ಲ," ಅಂದಳು. ಆಕೆ ಎರಡೂ ಕಾರ್ಡುಗಳನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು, ಗಂಡನ ಕೈ ಹಿಡಿದು ಹೊರಟಳು.

ವಿಮಾನ ನಿಲ್ದಾಣದ ಬಾಗಿಲಲ್ಲಿ ಎತ್ತರದ ಮೇಜಿನ ಹಿಂದೆ ಒಬ್ಬ ಗಾರ್ಡ್ ನಿಂತಿದ್ದ. ಆಕೆಯ ಕಾರ್ಡ್ ನೋಡಿ, ಮುಖ ನೋಡಿ, ತಲೆಯಾಡಿಸಿದ. ಗಂಡನ ಸರದಿ ಬಂತು. ಅವನು ಮೇಜಿನ ಅಂಚಿನ ಮೇಲೆ ಬೆರಳಾಡಿಸುತ್ತಾ ನಿಂತಿದ್ದ. ಕಾರ್ಡಿನ ಫೋಟೋ ಹಳೆಯದು; ಅದರಲ್ಲಿ ದಪ್ಪ ಮೀಸೆ, ತುಂಬಿದ ಕೆನ್ನೆ. ಎದುರಿಗಿದ್ದವನಿಗೆ ಮೀಸೆಯೂ ಇಲ್ಲ, ಕೆನ್ನೆಯೂ ಇಲ್ಲ.

"ಯಜಮಾನ್ರೇ, ನಿಮ್ಮ ಹೆಸರೇನು?"

ಅವನು ಥಟ್ಟನೆ ಉತ್ತರ ಕೊಟ್ಟ. ತಮ್ಮನ ಹೆಸರು. ಹೆಂಡತಿ ಅವನ ಕಡೆ ತಿರುಗಿದಳು. ಬೆಳಗಿನಿಂದ ಆ ಹೆಸರನ್ನು ಅವನ ಮುಂದೆ ಬಾಯಿಬಿಟ್ಟು ಹೇಳದಂತೆ ಹಲ್ಲು ಕಚ್ಚಿ ಹಿಡಿದಿದ್ದಳು.

ಗಾರ್ಡ್ ಕಾರ್ಡನ್ನು ಅವನ ಕಡೆ ತಿರುಗಿಸಿ ಹಿಡಿದ. "ಹಾಗಾದ್ರೆ ಇದು ಯಾರು?"

"ಇವನು ನಮ್ಮಣ್ಣ," ಅಂದ ಗಂಡ, ಸಂತೋಷದಿಂದ. "ಕೈಯಲ್ಲಿ ಒಳ್ಳೆ ಕೆಲಸ ಇದೆ. ಆದ್ರೆ ಮೂಗಿನ ತುದೀಲಿ ಸಿಟ್ಟು. ಹೆಂಡ್ತಿ ಒಳ್ಳೇವಳು, ಸಹಿಸ್ಕೊಂಡಿದಾಳೆ. ಅದು ಅವನಿಗೂ ಗೊತ್ತು. ಬಾಯಿಬಿಟ್ಟು ಹೇಳಲ್ಲ ಅಷ್ಟೇ."

ಆಕೆ ಗಂಡನ ಮುಖವನ್ನೇ ನೋಡಿದಳು. ಮದುವೆಯಾದಾಗಿನಿಂದ ಇಂಥ ಮಾತು ಅವನ ಬಾಯಿಂದ ಬಂದದ್ದೇ ಇಲ್ಲ.

"ಅಣ್ಣನ ಕಾರ್ಡಲ್ಲಿ ತಮ್ಮ ಹೊರಟ ಹಾಗಾಯ್ತಲ್ಲಮ್ಮ," ಅಂದ ಗಾರ್ಡ್. ದನಿಯಲ್ಲಿ ಒರಟುತನವಿರಲಿಲ್ಲ. "ಹೀಗೆ ಬಿಡೋಕಾಗಲ್ಲ. ಪಕ್ಕಕ್ಕೆ ಬನ್ನಿ."

"ಇವರಿಗೆ ಮರೆವಿನ ಕಾಯಿಲೆ ಇದೆಯಪ್ಪಾ. ಇವರೇ ಅಣ್ಣ."

"ಇರಬಹುದು. ಮೇಡಂ ಬರ್ಲಿ."

ಮೇಲಧಿಕಾರಿ ನಡುವಯಸ್ಸಿನ ಹೆಂಗಸು. ಕಾರ್ಡ್ ನೋಡಿದಳು, ಟಿಕೆಟ್ ನೋಡಿದಳು. "ತಮ್ಮ ಅನ್ನೋರು ಈಗ ಎಲ್ಲಿದಾರೆ? ಅವರ ಜೊತೆ ಒಂದು ಮಾತಾಡಿಸಿ, ಸಾಕು."

ಗಂಡನಿಗೆ ಕೇಳಿಸದಂತೆ ದೂರ ಹೋಗಿ ಹೇಳೋಣವೆಂದರೆ ಅವನ ಕೈ ಬಿಡುವಂತಿರಲಿಲ್ಲ. ಬಿಟ್ಟರೆ ಜನರ ನಡುವೆ ಎತ್ತಲೋ ನಡೆದುಬಿಡುತ್ತಿದ್ದ. ಹೇಳದೆ ಇರೋಣವೆಂದರೆ ಅಲ್ಲಿ ಒಬ್ಬನನ್ನು ಮಲಗಿಸಿ ಕಾಯುತ್ತಿದ್ದಾರೆ.

"ಮಾತಾಡ್ಸೋಕಾಗಲ್ಲ ತಾಯಿ," ಅಂದಳು. "ಅವರು ಇವತ್ತು ಬೆಳಗ್ಗೆ ತೀರ್ಕೊಂಡ್ರು. ನಾವು ಹೊರಟಿರೋದೇ ಅದಕ್ಕೆ."

ಫೋನ್ ತೆಗೆದು, ಓರಗಿತ್ತಿಯ ಮಗಳು ಕಳಿಸಿದ್ದ ಚಿತ್ರ ತೋರಿಸಿದಳು. ಬಿಳಿ ಹೊದಿಕೆಯ ಕೆಳಗೆ ಮಲಗಿದ್ದವನ ಮುಖ, ಪಕ್ಕದಲ್ಲಿ ನಿಂತಿದ್ದ ಗಂಡನದೇ ಮುಖ. ಅಧಿಕಾರಿ ಅದನ್ನು ಬಹಳ ಹೊತ್ತು ನೋಡಲಿಲ್ಲ. ಕಾರ್ಡಿನ ಫೋಟೋದಲ್ಲಿ ಎಡ ಹುಬ್ಬನ್ನು ಸೀಳಿದ ಗಾಯದ ಗುರುತೊಂದಿತ್ತು. ಮುಂದೆ ಬಾಗಿ ಗಂಡನ ಹುಬ್ಬು ನೋಡಿದಳು. ಗುರುತು ಅಲ್ಲೇ ಇತ್ತು.

"ಇವರೇ. ಬಿಡಿ," ಅಂದಳು ಗಾರ್ಡ್‌ಗೆ.

ಆಗ ಗಂಡ ಹೆಂಡತಿಯ ತೋಳು ಹಿಡಿದು ತಗ್ಗಿದ ದನಿಯಲ್ಲಿ ಕೇಳಿದ. "ಯಾರು, ತಮ್ಮ ಹೋಗ್ಬಿಟ್ನಾ?"

"ಹೂಂ."

"ಅಣ್ಣನಿಗೆ ಹೇಳಿದ್ರಾ?"

ಆಕೆ ಇಲ್ಲವೆಂದು ತಲೆಯಾಡಿಸಿದಳು.

"ಅವಸರದಲ್ಲಿ ಹೇಳ್ಬೇಡಿ," ಅಂದ ಅವನು. "ಮೊದಲು ಕೂರಿಸಿ, ಆಮೇಲೆ ಹೇಳಿ. ಸಿಟ್ಟಿನವನು ಅಷ್ಟೇ, ಗಟ್ಟಿಗನಲ್ಲ."

ಗಾರ್ಡ್ ಮುಖ ಪಕ್ಕಕ್ಕೆ ತಿರುಗಿಸಿದ. ಅಧಿಕಾರಿ ತಾನೇ ಅವರ ಚೀಲ ಎತ್ತಿಕೊಂಡು, ತಪಾಸಣೆಯ ಸಾಲು ದಾಟಿಸಿ, ಕುರ್ಚಿಗಳಿದ್ದಲ್ಲಿಗೆ ಕರೆದುಕೊಂಡು ಹೋದಳು. ಆಕೆ ಗಂಡನನ್ನು ಕೂರಿಸಿದಳು. ಎದುರಿಗೆ ಕೂತು, ಅವನ ಎರಡೂ ಕೈ ಹಿಡಿದು, ಮದುವೆಯ ಹೊಸತರಲ್ಲಿ ಕರೆಯುತ್ತಿದ್ದ ಹಾಗೆ "ರೀ" ಎಂದು ಮೆಲ್ಲಗೆ ಕರೆದು, ಸುದ್ದಿ ಹೇಳಿದಳು. ಅವನು ತಲೆಯಾಡಿಸುತ್ತಾ ಕೇಳಿದ. ಎಷ್ಟು ತಲೆಗೆ ಹೋಯಿತೋ ಅವಳಿಗೆ ತಿಳಿಯಲಿಲ್ಲ.

ವಿಮಾನ ಇಳಿದು ಮೈದುನನ ಮನೆ ಮುಟ್ಟಿದಾಗ ಜನ ದಾರಿ ಬಿಟ್ಟರು. ಗಂಡ ಚಪ್ಪಲಿ ಬಿಟ್ಟು ಒಳಗೆ ಹೋಗಿ, ಮಲಗಿದ್ದವನ ತಲೆಯ ಹತ್ತಿರ ಕೂತ. ಹೆಣದ ಮುಖವನ್ನು ದಿಟ್ಟಿಸಿದ. ಓರಗಿತ್ತಿ ಕಣ್ಣೊರೆಸಿಕೊಂಡು ಕೇಳಿದಳು. "ಭಾವ, ಯಾರು ಅಂತ ಗೊತ್ತಾಯ್ತಾ?"

"ಇಲ್ಲಮ್ಮ," ಅಂದ. "ಆದ್ರೆ ನನಗೆ ತುಂಬ ಬೇಕಾದವನು."

ಹಾಗೆಂದವನ ಕಣ್ಣಿಂದ ನೀರು ಇಳಿಯುತ್ತಿತ್ತು. ಅದನ್ನು ಒರೆಸಿಕೊಳ್ಳಬೇಕೆಂಬುದೂ ಅವನಿಗೆ ಹೊಳೆಯಲಿಲ್ಲ. ಹೆಂಡತಿ ಪಕ್ಕದಲ್ಲಿ ಕೂತು, ಬೆಳಗಿನಿಂದ ತಡೆದುಕೊಂಡಿದ್ದ ಅಳುವನ್ನು ಹರಿಯಬಿಟ್ಟಳು.