ಹಾರ್ಟಪ್ಪ ಬರೆದ ಸಾವು

ನಮ್ಮಲ್ಲಿ ಸತ್ತವರನ್ನು ನೋಡಿ ಸಾವಿನ ಕಾರಣ ಬರೆಯುವ ಸರ್ಕಾರಿ ಕೆಲಸ ಒಬ್ಬನದೇ ಆಗಿತ್ತು. ಅವನನ್ನು ಎಲ್ಲರೂ ಹಾರ್ಟಪ್ಪ ಅನ್ನುತ್ತಿದ್ದರು. ಮೂಗಿಗೆ ಕರವಸ್ತ್ರ ಹಿಡಿದು ಬಾಗಿಲಲ್ಲೇ ನಿಂತು, ‘ಹಾರ್ಟು’ ಅಂತ ಬರೆದು ಹೊರಟುಬಿಡುತ್ತಿದ್ದ. ಮರದಿಂದ ಬಿದ್ದವನಿಗೂ ಹಾರ್ಟು, ನೀರಲ್ಲಿ ಮುಳುಗಿದವನಿಗೂ ಹಾರ್ಟು. ಲಾರಿ ಅಡಿ ಸಿಕ್ಕಿ ಎರಡು ತುಂಡಾದವನಿಗೂ ಅದನ್ನೇ ಬರೆದಾನು, ಹಾರ್ಟು ಯಾವ ತುಂಡಿನಲ್ಲಿದೆ ಅಂತಲೂ ಕೇಳದೆ.

ನಮ್ಮ ಯಜಮಾನರಿಗೂ ಅದನ್ನೇ ಬರೆದ. ಅವರು ಐಸ್ ಫ್ಯಾಕ್ಟರಿಯಲ್ಲಿ ಮಂಜುಗಡ್ಡೆ ಎಳೆಯುತ್ತಿದ್ದರು. ಒಂದು ಮಧ್ಯಾಹ್ನ ಅವರ ಹೆಣ ಮನೆಗೆ ಬಂತು. ಸ್ನಾನ ಮಾಡಿಸಿ, ಹೊಸ ಬಟ್ಟೆ ತೊಡಿಸಿ, ತಲೆಗೆ ಬಿಳಿ ವಸ್ತ್ರ ಸುತ್ತಿಯೇ ಕಳಿಸಿದ್ದರು. ಮಾಲೀಕನದು ಎಷ್ಟು ದೊಡ್ಡ ಮನಸ್ಸು ಅಂದುಕೊಂಡೆವು. ಅವನು ಹಾರ್ಟಪ್ಪನ ಸ್ವಂತ ಭಾವ. ನನಗಂತೂ ಒಳಗೊಳಗೇ ಒಂದು ಸಮಾಧಾನ, ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಹೋದರು, ಒದ್ದಾಡಲಿಲ್ಲ ಅಂತ.

ಮಗಳಿಗೆ ಅದೂ ಇರಲಿಲ್ಲ. ಅವಳು ಮೆಚ್ಚಿದ ಹುಡುಗನನ್ನು ಅಪ್ಪ ಬೇಡ ಅಂದಿದ್ದಕ್ಕೆ, ಆ ಬೆಳಿಗ್ಗೆಯೇ, ಆಚೆ ಬೀದಿಯ ನಾಯಿಗಳೂ ಎದ್ದು ಕೂರುವ ಹಾಗೆ ‘ನೀನು ನನ್ನಪ್ಪನೇ ಅಲ್ಲ’ ಅಂತ ಕಿರುಚಿದ್ದಳು. ಹಾರ್ಟು ಅಂದ ಕೂಡಲೇ, ತನ್ನ ಮಾತೇ ಅಪ್ಪನ ಎದೆ ಒಡೆಯಿತು ಅಂತ ನಂಬಿಬಿಟ್ಟಳು. ಆ ಹುಡುಗನನ್ನೂ ಬಿಟ್ಟಳು, ಮದುವೆಯನ್ನೂ ಬಿಟ್ಟಳು. ದರ್ಜಿ ಅಂಗಡಿಯಲ್ಲಿ ಕೂತು ಬಟ್ಟೆ ಹೊಲಿಯುತ್ತಲೇ ಕೂದಲು ಬೆಳ್ಳಗಾಯಿತು. ನಾನು ಎಷ್ಟು ರೇಗಿಸಿದರೂ ಎದುರು ಮಾತಿಲ್ಲ. ಇವಳಿಗಿಂತ ಗೋಡೆ ಜೊತೆ ಸಂಸಾರ ಮಾಡುವುದು ವಾಸಿ, ಗೋಡೆಯಲ್ಲಿ ಹಲ್ಲಿಯಾದರೂ ಲೊಚಗುಟ್ಟುತ್ತದೆ.

ಹೋದ ವರ್ಷ ಸರ್ಕಾರ ಹೊಸ ಕಾನೂನು ತಂದಿತು. ಸಾವಿನ ಕಾರಣ ಹೇಳುವವರು ಅದಕ್ಕೇ ಓದಿದ ಡಾಕ್ಟರಾಗಿರಬೇಕು, ಹೆಣವನ್ನು ಮುಟ್ಟಿ ನೋಡಲೇಬೇಕು, ತಮ್ಮ ನೆಂಟರ ಜಾಗದಲ್ಲಾದ ಸಾವಿಗೆ ಕೈ ಹಾಕಬಾರದು. ಹಾರ್ಟಪ್ಪ ಓದಿದ್ದು ದನದ ಡಾಕ್ಟರಿಕೆ, ಅದೂ ಅರ್ಧ ಅಂತ ಆಗ ಗೊತ್ತಾಯಿತು. ಸದ್ಯ, ದನಗಳು ಬಚಾವಾದವು. ಮನೆಯವರು ಒಪ್ಪಿದರೆ ಹೂತ ಹೆಣ ತೆಗೆಸಿ, ಅವನು ಬರೆದ ಸಾವುಗಳನ್ನು ಮತ್ತೆ ನೋಡುತ್ತೇವೆ ಅಂತ ಹೊಸ ಡಾಕ್ಟರಮ್ಮ ಬಂದರು.

ಮಗಳು ಹೆದರಿದಳು. “ಮಣ್ಣು ತೆಗೆದ ಮೇಲೂ ಹಾರ್ಟೇ ಅಂದ್ರೆ ನಾನೇನ್ಮಾಡ್ಲಿ ಅಮ್ಮ?”

“ಈಗಿರೋ ಹಾಗೇ ಇರ್ತೀಯ. ಇದಕ್ಕಿಂತ ಕೆಟ್ಟದಾಗಿ ಇರೋಕೆ ಯಾರ ಕೈಲೂ ಆಗಲ್ಲ ಕಣೇ,” ಅಂದೆ.

ಹಾರ್ಟು ಎಂದೋ ಮಣ್ಣಾಗಿರುತ್ತದೆ, ಉಳಿದಿರುವುದು ಮೂಳೆ, ಅದು ಹೇಳಿದಷ್ಟನ್ನೇ ನಾನು ಹೇಳುವುದು ಅಂತ ಡಾಕ್ಟರಮ್ಮ ತಿಳಿಸಿದರು. ಮಗಳು ಕೊನೆಗೆ ಹೂಂ ಅಂದಳು.

ಫಿನಾಯಿಲ್ ವಾಸನೆಯ ಕೋಣೆ, ಉಕ್ಕಿನ ಮೇಜು. ಅದರ ಮೇಲೆ ತಲೆಯಿಂದ ಕಾಲಿನವರೆಗೆ ಒಂದೊಂದಾಗಿ ಜೋಡಿಸಿಟ್ಟ ಯಜಮಾನರು. ಬದುಕಿದ್ದಾಗ ಇಷ್ಟು ಶಿಸ್ತಾಗಿ ಮಲಗಿದವರೇ ಅಲ್ಲ. ಡಾಕ್ಟರಮ್ಮ ಬುರುಡೆಯನ್ನು ಮೆಲ್ಲಗೆ ತಿರುಗಿಸಿ, ಹಿಂಭಾಗದ ದೊಡ್ಡ ಬಿರುಕು ತೋರಿಸಿದರು. ಬಿದ್ದರೋ, ಮಂಜುಗಡ್ಡೆಯೇ ಮೇಲೆ ಬಿತ್ತೋ, ತಲೆಯ ಪೆಟ್ಟಿನಿಂದಲೇ ಸತ್ತದ್ದು ಅಂದರು.

“ಬೆಳಿಗ್ಗೆ ನಾನು ಬೈದಿದ್ದೆ,” ಅಂದಳು ಮಗಳು.

“ಬೈಗುಳಕ್ಕೆ ಬುರುಡೆ ಒಡೆಯಲ್ಲಮ್ಮ.”

ಮಗಳು ಅಲ್ಲೇ ನೆಲಕ್ಕೆ ಕುಸಿದು, ಅಪ್ಪಾ ಅಪ್ಪಾ ಅಂತ ಕೋಣೆ ಅದುರುವ ಹಾಗೆ ಅತ್ತಳು. ನಾನು ಡಾಕ್ಟರಮ್ಮನ ಹತ್ತಿರ ಸರಿದು, “ಬಿದ್ದ ತಕ್ಷಣ ಹೋದ್ರಾ?” ಅಂತ ಕೇಳಿದೆ.

“ಮೂಳೆ ಅಷ್ಟು ಹೇಳಲ್ಲ ಅಜ್ಜಿ. ತಕ್ಷಣ ಅಂತ ನಾನು ಬರೆದ್ರೆ, ನಾನೂ ಆ ಹಾರ್ಟಪ್ಪನ ಹಾಗೇ ಆಗ್ತೀನಿ.”

ಹೊರಗೆ ನಲ್ಲಿಯಲ್ಲಿ ಮುಖ ತೊಳೆದುಕೊಂಡು ಬಂದ ಮಗಳು, “ನಿನಗೂ ಸಮಾಧಾನ ಆಯ್ತಲ್ವಾ ಅಮ್ಮ?” ಅಂದಳು.

“ಆಯ್ತು ಕಣೇ,” ಅಂದೆ.

ಬಸ್ಸಿನಲ್ಲಿ ನನ್ನ ಭುಜಕ್ಕೊರಗಿ ಹಸುಗೂಸಿನ ಹಾಗೆ ನಿದ್ದೆ ಹೋದಳು. ನಾನು ಅಲುಗಾಡದೆ ಕೂತಿದ್ದೆ. ಫ್ಯಾಕ್ಟರಿಯ ಆ ತಣ್ಣನೆಯ ಒದ್ದೆ ನೆಲದ ಮೇಲೆ ಅವರು ಎಷ್ಟು ಹೊತ್ತು ಕಣ್ಣು ಬಿಟ್ಟುಕೊಂಡಿದ್ದರೋ. ಯಾರನ್ನು ಕೂಗಿದರೋ. ಆ ಮಿಷನ್ನಿನ ಸದ್ದಿನಲ್ಲಿ ಯಾರಿಗೆ ತಾನೇ ಕೇಳಿಸೀತು.