ಅಮ್ಮ ಹೋದ ಸುದ್ದಿ

“ಅಮ್ಮ ಹೋದದ್ದು ಯಾವಾಗ ಮಾಷ್ಟ್ರೇ? ನಮಗೊಂದು ಮಾತು ಹೇಳ್ಲಿಲ್ಲ ಅಲ್ವಾ ನೀವು!”

ಬೋವಿಕಾನ ಪೇಟೆಯ ತನ್ನ ಗೇರುಬೀಜದ ಅಂಗಡಿಯಿಂದ ಹೊರಗೆ ಬಂದು ಮಮ್ಮಾಲಿ ಹೀಗೆ ಕೇಳಿದಾಗ, ಹರಿನಾರಾಯಣ ಮಾಷ್ಟ್ರು ಅದೇ ಅಂಗಡಿಯ ಬೆಂಚಿನಲ್ಲಿ ಕಣ್ಣು ಮುಚ್ಚಿ ಕೂತಿದ್ದರು. ಲ್ಯಾಬಿನಲ್ಲಿ ರಕ್ತ ಕೊಟ್ಟು ಬಂದದ್ದಷ್ಟೆ, ಬಸ್ಸು ನಿಲ್ಲುವಲ್ಲಿಗೆ ನಡೆಯುವುದರೊಳಗೆ ಕಾಲು ಸೋತಿತ್ತು. ಹೆಂಡತಿ ಸೌದಾಮಿನಿ ಒತ್ತಾಯದಿಂದ ಹಾಕಿಸಿದ್ದ ಉಣ್ಣೆಯ ಟೊಪ್ಪಿಯನ್ನು ಸೆಕೆ ತಡೆಯದೆ ತೆಗೆದು ತೊಡೆಯ ಮೇಲೆ ಇಟ್ಟುಕೊಂಡಿದ್ದರು. ತಪ್ಪಿದ್ದು ಅಲ್ಲಿ.

ತಲೆ ನುಣ್ಣಗೆ, ಮೀಸೆ ಇಲ್ಲ. ಮಾಷ್ಟ್ರನ್ನು ಮಮ್ಮಾಲಿ ಈ ರೂಪದಲ್ಲಿ ಹಿಂದೊಮ್ಮೆ ನೋಡಿದ್ದ, ಅವರ ಅಪ್ಪ ತೀರಿಕೊಂಡಾಗ. ಇವರಲ್ಲಿ ಗಂಡುಮಕ್ಕಳು ತಲೆ ಮೀಸೆ ಎರಡನ್ನೂ ಬೋಳಿಸುವುದು ಯಾವುದಕ್ಕೆ ಎಂದು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅಪ್ಪ ಹೋಗಿಯಾಗಿತ್ತು. ಉಳಿದದ್ದು ಅಮ್ಮ.

ಇಲ್ಲ ಮಾರಾಯ, ಅಮ್ಮ ಮುಳ್ಳೇರಿಯದಲ್ಲಿ ತಮ್ಮನ ಮನೆಯಲ್ಲಿ ಗಟ್ಟಿಯಾಗಿಯೇ ಇದ್ದಾರೆ ಎನ್ನಬೇಕಿತ್ತು. ಎಂದರೆ, ಮತ್ತೆ ತಲೆ ಯಾಕೆ ಹೀಗೆ ಎಂದು ಕೇಳುತ್ತಾನೆ. ಕುತ್ತಿಗೆಯಲ್ಲಿ ಕಂಡ ಗಂಟಿನಿಂದ ಸುರುಮಾಡಬೇಕು. ಮಂಗಳೂರಿನ ಆಸ್ಪತ್ರೆ, ಕೀಮೋ, ಹೋದ ತಿಂಗಳು ಕೊನೆಯದ್ದು ಮುಗಿದದ್ದು, ಎಲ್ಲ ಹೇಳಬೇಕು. ಹೇಳಿ ಮುಗಿಸಿದರೆ ಲಕ್ಷ್ಮಣ ಫಲ ತಿನ್ನಿ ಎನ್ನುತ್ತಾನೆ. ಅದನ್ನು ತಿಂದು ಎದ್ದು ಕೂತವರ ಕಥೆಯೂ ಬರುತ್ತದೆ. ಅಷ್ಟು ಉಸಿರು ಮಾಷ್ಟ್ರಲ್ಲಿ ಇರಲಿಲ್ಲ.

“ಪ್ರಾಯ ಎಷ್ಟಾಗಿತ್ತು ಅವರಿಗೆ?”

“ತೊಂಬತ್ತರ ಹತ್ರ.” ಅದು ಸುಳ್ಳಲ್ಲ.

“ನರಳ್ಲಿಲ್ಲ ಅಲ್ವಾ?”

“ಇಲ್ಲ.” ಅದೂ ಸುಳ್ಳಲ್ಲ.

“ಪುಣ್ಯವಂತರು. ನಾನು ಬೀಜ ತೆಕ್ಕೊಳ್ಳಿಕ್ಕೆ ಹೋದಾಗ ಒಂದು ದಿನವೂ ಬೆಲ್ಲ ನೀರು ಕೊಡದೆ ಕಳಿಸಿದವರಲ್ಲ,” ಎಂದು ಮಮ್ಮಾಲಿ ಹೆಗಲ ತೋರ್ತಿನಿಂದ ಕಣ್ಣೊರೆಸಿಕೊಂಡ. ಅಷ್ಟರಲ್ಲಿ ಬಸ್ಸು ಬಂತು. ಅವನೇ ಕೈಹಿಡಿದು ಹತ್ತಿಸಿದ.

ಎಡನೀರಿನ ಮನೆಗೆ ತಲುಪಿ ಮಾಷ್ಟ್ರು ಇದನ್ನೊಂದು ತಮಾಷೆಯ ಹಾಗೆ ಹೇಳಿದರು. ಸೌದಾಮಿನಿಗೆ ನಗು ತಡೆಯಲಾಗಲಿಲ್ಲ. ಮನೆಯಲ್ಲಿ ನಗು ಕೇಳದೆ ಎಷ್ಟೋ ಸಮಯವಾಗಿತ್ತು. ಮರುಕ್ಷಣವೇ ಅವರ ಮುಖ ಬಿಳಿಚಿತು.

“ಅಲ್ಲ, ಇವತ್ತು ಸೋಮವಾರ. ಮಮ್ಮಾಲಿಯ ಪಿಕಪ್ಪು ಮುಳ್ಳೇರಿಯಕ್ಕೆ ಹೋಗುವ ದಿನ ಅಲ್ವಾ?”

ಅಮ್ಮನಿಗೆ ಈ ಕಾಯಿಲೆಯ ವಿಷಯ ಯಾರೂ ಹೇಳಿರಲಿಲ್ಲ. ತನ್ನ ಮಗಳು, ಮಾಷ್ಟ್ರ ತಂಗಿ ವಸುಮತಿಯನ್ನು ಇದೇ ಕಾಯಿಲೆ ತೆಗೆದುಕೊಂಡು ಹೋದ ಮೇಲೆ ಅಮ್ಮ ಊಟ ಬಿಟ್ಟು, ಮಾತು ಬಿಟ್ಟು, ಗೋಡೆಯ ಕಡೆಗೆ ಮುಖ ಮಾಡಿ ಮಲಗಿದ್ದರು. ಅವರನ್ನು ಮತ್ತೆ ಎಬ್ಬಿಸುವಾಗ ಮನೆಯವರಿಗೆಲ್ಲ ಸಾಕುಬೇಕಾಗಿತ್ತು. ಇನ್ನೊಮ್ಮೆ ಮಲಗಿದರೆ ಏಳಲಿಕ್ಕಿಲ್ಲ ಎಂದು ಹೆದರಿ ಅಣ್ಣತಮ್ಮ ಇಬ್ಬರೂ ಕೂತು ಒಂದು ಕಥೆ ಕಟ್ಟಿದರು: ಅಣ್ಣ ಕಾಲುನೋವಿಗೆ ಮದ್ದು ಮಾಡಿಸಲು ಮೈಸೂರಿಗೆ, ತನ್ನ ಮಗಳು ಶ್ರೀರಂಜಿನಿಯ ಮನೆಗೆ ಹೋಗಿದ್ದಾನೆ. ಅಂದಿನಿಂದ ಆದಿತ್ಯವಾರ ಬಂದರೆ ಮಾಷ್ಟ್ರು ಮಂಚದ ಮೇಲಿಂದಲೇ ಫೋನು ಮಾಡಿ, ತಾನಿಲ್ಲದ ಮೈಸೂರಿನ ಚಳಿಯನ್ನು ವರ್ಣಿಸುತ್ತಿದ್ದರು.

ತಮ್ಮನಿಗೆ ಹೇಳಬೇಕೆಂದು ಫೋನಿನ ಹತ್ತಿರ ಹೋಗುವಾಗ ಅದೇ ಬಡಿದುಕೊಂಡಿತು.

“ಅಣ್ಣಾ, ಎಂತ ಮಾಡಿ ಹಾಕಿದ್ದು ನೀನು?” ತಮ್ಮ ಶ್ರೀರಾಮನ ಸ್ವರ. “ಮಮ್ಮಾಲಿ ಅಂಗಳಕ್ಕೆ ಬಂದು ನನ್ನ ಎರಡೂ ಕೈ ಹಿಡ್ಕೊಂಡು ‘ಅಮ್ಮ ಹೋದದ್ದು ಈಗ ಗೊತ್ತಾಯ್ತು’ ಅಂತ ಅಳ್ಲಿಕ್ಕೆ ಸುರುಮಾಡಿದ. ನನಗೆ ಇಪ್ಪತ್ತು ವರ್ಷದಿಂದ ಬೊಕ್ಕತಲೆ ಅಲ್ವಾ, ಅವನಿಗೆ ಸಂಶಯವೇ ಬರ್ಲಿಲ್ಲ. ಅಮ್ಮ ಒಳಗಿಂದ ‘ಯಾರ ಅಮ್ಮ?’ ಅಂತ ಕೇಳಿಕೊಂಡು ಬಂದ್ರು. ಪಾಪದವ, ಬಿದ್ದೇ ಹೋಗ್ತಿದ್ದ!”

“ಮತ್ತೆ?”

“ಮತ್ತೆಂತ? ಬೆಲ್ಲ ನೀರು ಕೊಟ್ಟು ಕೂರಿಸಿ ಅವನ ಬಾಯಿಂದ ಎಲ್ಲ ಹೊರಡಿಸಿದ್ರು. ‘ಹಾಗಾದ್ರೆ ಮಾಷ್ಟ್ರ ತಲೆ ಯಾಕೆ ಬೋಳು?’ ಅಂತ ಅವನು ಕೇಳಿದ್ದಕ್ಕೆ ನನ್ನ ಮುಖ ನೋಡಿದ್ರು, ಅಷ್ಟೆ. ಈಗ ಚೀಲ ಹಿಡ್ಕೊಂಡು ಕೂತಿದ್ದಾರೆ. ‘ಹರಿ ಬರ್ತಾನಾ, ನಾನು ರಿಕ್ಷಾ ಹಿಡಿಬೇಕಾ, ಕೇಳು’ ಅಂತಿದ್ದಾರೆ.”

ಮಾಷ್ಟ್ರು ಫೋನನ್ನು ಹೆಂಡತಿಯ ಕೈಗೆ ಕೊಟ್ಟು ಟೊಪ್ಪಿ ಹುಡುಕಿದರು.

ದಾರಿಯುದ್ದಕ್ಕೂ ರಿಕ್ಷಾ ಕುಲುಕುತ್ತಿತ್ತು. ಬಾಯಲ್ಲಿ ಮದ್ದು ಬಿಟ್ಟುಹೋದ ತುಕ್ಕಿನ ರುಚಿ. ಅಮ್ಮನಿಗೆ ಏನು ಹೇಳುವುದೆಂದು ಯೋಚಿಸಲು ಹೊರಟು, ಯೋಚನೆಯೂ ದಣಿದು, ಸೌದಾಮಿನಿಯ ಭುಜಕ್ಕೆ ಒರಗಿ ಮುಳ್ಳೇರಿಯ ಬರುವವರೆಗೆ ಕೂತರು.

ಅಮ್ಮ ಜಗಲಿಯಲ್ಲಿ ಚಾಪೆ ಹಾಕಿ, ಗೋಡೆಗೆ ಬೆನ್ನು ಕೊಟ್ಟು ಕೂತಿದ್ದರು. ಪಕ್ಕದಲ್ಲಿ ಬಟ್ಟೆಯ ಚೀಲ. ಮಗ ಅಂಗಳ ದಾಟಿ ಬರುವುದನ್ನು ಕಣ್ಣು ಕಿರಿದಾಗಿಸಿ ನೋಡಿದರು.

“ಒಂದು ಕಾಲಿನ ಚಪ್ಪಲಿ ಎಲ್ಲಿ?”

ಮಾಷ್ಟ್ರು ಕೆಳಗೆ ನೋಡಿಕೊಂಡರು. ಎಡಗಾಲು ಬರಿದು. ರಿಕ್ಷಾದಲ್ಲಿ ಜಾರಿತೋ, ಗೇಟಿನಲ್ಲೋ. ಮದ್ದು ಸುರುವಾದ ಮೇಲೆ ಪಾದಗಳಿಗೆ ಏನೂ ತಿಳಿಯುತ್ತಿರಲಿಲ್ಲ. ಬಿಸಿಲಿಗೆ ಕಾದ ಅಂಗಳದ ಮೇಲೆ ಅವರು ಆರಾಮವಾಗಿ ನಿಂತಿದ್ದರು.

“ಮೇಲೆ ಬಾ. ಕೂತ್ಕೋ. ಟೊಪ್ಪಿ ತೆಗಿ.”

ತೆಗೆದರು. ಅಮ್ಮ ಅಂಗೈಯನ್ನು ಅವರ ನೆತ್ತಿಯಿಂದ ಹಿಂದಲೆಯವರೆಗೆ ಎಳೆದು, ಅಲ್ಲಿಯೇ ನಿಲ್ಲಿಸಿದರು.

“ಬೋಳಿಸಿದ್ದಾದ್ರೆ ಕೈಗೆ ಒರಟು ಸಿಗ್ತದೆ. ಇದು ಉದುರಿದ್ದು,” ಎಂದರು. ಆಮೇಲೆ, “ವಸುಮತಿದೂ ಹೀಗೇ ಇತ್ತು.”

ಸೌದಾಮಿನಿ ಕಂಬ ಹಿಡಿದು ನಿಂತರು. ಬಾಗಿಲಲ್ಲಿದ್ದ ಶ್ರೀರಾಮ ಅಮ್ಮನನ್ನೇ ನೋಡುತ್ತಿದ್ದ. ಎಲ್ಲರೂ ಹೆದರಿದ್ದ ಗಳಿಗೆ ಇದು.

“ಮದ್ದು ಮುಗಿಯಿತಾ?” ಅಮ್ಮ ಕೇಳಿದರು.

“ಮುಗೀತು. ಇವತ್ತು ರಕ್ತ ಕೊಟ್ಟು ಬಂದೆ. ಇನ್ನು ಅವರು ಎಂತ ಹೇಳ್ತಾರೆ ನೋಡ್ಬೇಕು.”

“ಊಟ ಸೇರ್ತದಾ?”

“ಇಲ್ಲ ಅಮ್ಮ.”

“ನಾನು ಸತ್ತೆ ಅಂತ ಹೇಳ್ಲಿಕ್ಕೆ ಆ ಮಮ್ಮಾಲಿ ಅಷ್ಟು ದೂರದಿಂದ ಬಂದ. ಇದನ್ನು ಹೇಳ್ಲಿಕ್ಕೆ ನಿಮಗೆ ಯಾರಿಗೂ ಬಾಯಿ ಬರ್ಲಿಲ್ಲ ಅಲ್ವಾ?” ಅಮ್ಮನ ಗಲ್ಲ ನಡುಗಿತು. “ನಾನು ಮತ್ತೆ ಗೋಡೆ ನೋಡಿ ಮಲಗ್ತೇನೆ ಅಂತ. ಮಲಗ್ತಿದ್ದೆನೋ ಏನೋ. ಅದಕ್ಕೆ ನೀನು ಮೈಸೂರಿಗೆ ಹೋಗ್ಬೇಕಿತ್ತಾ?”

ಅಮ್ಮ ಸೆರಗಿನಿಂದ ಮೂಗು ಒರೆಸಿಕೊಂಡು ಮಗನ ಕಡೆಗೆ ತಿರುಗಿದರು.

“ಫೋನಿನಲ್ಲಿ ಅಷ್ಟು ಗಟ್ಟಿ ಸ್ವರ ಎಲ್ಲಿಂದ ತರ್ತಿದ್ದೆ ಹರೀ?”

“ಮಾತಾಡುವ ಮೊದಲು ಸ್ವಲ್ಪ ಮಲಗ್ತಿದ್ದೆ. ಮಾತಾಡಿದ ಮೇಲೆ ಇಡೀ ದಿನ ಮಲಗ್ತಿದ್ದೆ.” ಮಾಷ್ಟ್ರು ಕೈಯಲ್ಲಿದ್ದ ಟೊಪ್ಪಿಯನ್ನು ಚಾಪೆಯ ಮೇಲೆ ಇಟ್ಟರು. “ಸಾಕಾಗಿದೆ ಅಮ್ಮ.”

“ಸಾಕಾಗದೆ ಇರ್ತದಾ? ಮಲಗು. ಇನ್ನು ಯಾರ ಹತ್ರವೂ ಮಾತಾಡ್ಲಿಕ್ಕಿಲ್ಲ ನಿನಗೆ.”

ಅಮ್ಮ ಚಾಪೆಯ ಮೇಲೆ ಜಾಗ ಬಿಟ್ಟು ಸರಿದರು. ಮಾಷ್ಟ್ರು ಕಾಲು ಚಾಚಿದ್ದೊಂದು ಗೊತ್ತು. ಸೌದಾಮಿನಿ ದಿಂಬು ತರುವಷ್ಟರಲ್ಲಿ ಬಾಯಿ ತೆರೆದು ನಿದ್ದೆ ಹೋಗಿದ್ದರು. ಅಮ್ಮ ಮಗನ ತಲೆಯ ಮೇಲೆ ಕೂರಲು ಬಂದ ನೊಣವನ್ನು ಸೆರಗಿನಿಂದ ಓಡಿಸುತ್ತ ಕೂತರು.

ಗೇಟು ಕಿರುಗುಟ್ಟಿತು. ಪೇಟೆಯಲ್ಲಿ ಸುದ್ದಿ ಕೇಳಿದ ಹಳೆಯ ನೆರೆಮನೆಯ ಲೋಕಯ್ಯ, ಇಸ್ತ್ರಿಯ ಬಿಳಿ ಮುಂಡು ಉಟ್ಟು, ಕೊಡೆ ಮಡಚಿ ಕಂಕುಳಲ್ಲಿಟ್ಟು, ತಲೆ ತಗ್ಗಿಸಿ ಅಂಗಳದ ನಡುವಿನವರೆಗೆ ಬಂದ. ಅಲ್ಲಿ ತಲೆಯೆತ್ತಿದವನು ಜಗಲಿಯಲ್ಲಿ ಕೂತಿದ್ದ ಅಮ್ಮನನ್ನೇ ಕಂಡು, ಹೇಳಬೇಕೆಂದಿದ್ದ ಮಾತಿಗೆ ತೆರೆದ ಬಾಯಿಯಲ್ಲೇ ನಿಂತುಬಿಟ್ಟ.

ಅಮ್ಮ ತುಟಿಯ ಮೇಲೆ ಬೆರಳಿಟ್ಟು, ಸದ್ದು ಮಾಡಬೇಡ ಎಂದು ಸನ್ನೆ ಮಾಡಿದರು.